ಅಪ್‌ಗ್ರೇಡ್‌ಗೆ ಮೊದಲು ಯಂತ್ರವನ್ನು ಓದುವುದು: ಒಂಬತ್ತನೆಯ ತರಗತಿಯ ಒಂದು ಪಾಠ

ಪೀಠಿಕೆ

ಶಾಲೆಯ ಕಂಪ್ಯೂಟರ್ ಕೊಠಡಿಯ ಪಾಠಗಳು ಸಾಮಾನ್ಯವಾಗಿ ಟೈಪಿಂಗ್, ಚಿತ್ರ ಬಿಡಿಸುವುದು, ಸ್ಲೈಡ್ ತಯಾರಿಸುವುದು ಇಷ್ಟಕ್ಕೇ ನಿಲ್ಲುತ್ತವೆ. ಆ ಕೊಠಡಿಯ ಯಂತ್ರಗಳೇ ಪಾಠದ ವಸ್ತುವಾಗುವುದು ಅಪರೂಪ. ಇಂಟರ್ನ್‌ಶಿಪ್ ಅವಧಿಯಲ್ಲಿ ಮೊದಲು ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯ ಒಂದು ಪ್ರೌಢಶಾಲೆಯಲ್ಲಿ, ನಂತರ ಬಂಗಾರಪೇಟೆಯ ಇನ್ನೊಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ನಾನು ಬೋಧಿಸಿದ ಮೂರು ಅವಧಿಗಳ ಪಾಠದ ವರದಿಯನ್ನು ಇಲ್ಲಿ ಕೊಡುತ್ತಿದ್ದೇನೆ. ವಿಷಯ: ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಅನ್ನು ಹೊಸ ಆವೃತ್ತಿಗೆ ಏರಿಸುವ ಮೊದಲು ಯಂತ್ರಾಂಶದ ಹೊಂದಾಣಿಕೆಯನ್ನು ಪರಿಶೀಲಿಸುವುದು.

ಈ ವಿಷಯ ಪಠ್ಯಪುಸ್ತಕದಿಂದ ಬಂದದ್ದಲ್ಲ. ರಾಬರ್ಟ್‌ಸನ್‌ಪೇಟೆಯ ಶಾಲೆಯಲ್ಲಿ ನನ್ನ ಮಾರ್ಗದರ್ಶಿ ಶಿಕ್ಷಕರು ಒಂದು ಪ್ರಶ್ನೆ ಕೇಳಿದರು: "ದಸರಾ ರಜೆಯಲ್ಲಿ ಎಲ್ಲ ಕಂಪ್ಯೂಟರ್‌ಗೂ ಹೊಸ ಉಬುಂಟು ಹಾಕಿಸಿಬಿಡೋಣವೇ?" ಹಾಕಿಸಿದ ಮೇಲೆ ಯಂತ್ರಗಳು ನಡೆಯದಿದ್ದರೆ ಎರಡನೆಯ ಅರ್ಧವರ್ಷ ಪೂರ್ತಿ ಮಕ್ಕಳಿಗೆ ಕೊಠಡಿ ಇಲ್ಲ. ಆ ಮಕ್ಕಳಲ್ಲಿ ಹೆಚ್ಚಿನವರ ಮನೆಯಲ್ಲಿ ಫೋನ್ ಇದೆ, ಕಂಪ್ಯೂಟರ್ ಇಲ್ಲ. ಹಾಕಿಸದೆ ಬಿಟ್ಟರೆ, ಭದ್ರತಾ ಪರಿಷ್ಕರಣೆ ನಿಂತುಹೋದ ವ್ಯವಸ್ಥೆಯಲ್ಲೇ ಮಕ್ಕಳು ಅಂತರ್ಜಾಲ ಬಳಸಬೇಕು. ಉತ್ತರವನ್ನು ನಾನೊಬ್ಬಳೇ ಹುಡುಕುವುದಕ್ಕಿಂತ ತರಗತಿಯೇ ಹುಡುಕಲಿ ಎಂದು ಕೇಳಿದಾಗ ಅವರು ಒಪ್ಪಿದರು.

ಹಿನ್ನೆಲೆ: ಈಗ ಯಾಕೆ ಈ ಪ್ರಶ್ನೆ

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ, ಮುಂದೆ ಟಾಲ್ಪ್ ತರಬೇತಿಗಳಲ್ಲಿ ಉಬುಂಟು ಪರಿಚಯವಾಗಿದೆ. ಹೀಗಾಗಿ ನಮ್ಮ ಕಡೆಯ ಹಲವು ಶಾಲೆಗಳ ಯಂತ್ರಗಳಲ್ಲಿ ಉಬುಂಟುವಿನ ಯಾವುದಾದರೂ ಆವೃತ್ತಿ ಇರುತ್ತದೆ. ಉಬುಂಟುವಿನ ಸಂಖ್ಯೆಯೇ ಅದರ ಹುಟ್ಟಿದ ತಿಂಗಳು: 16.04 ಎಂದರೆ 2016ರ ಏಪ್ರಿಲ್, 24.04 ಎಂದರೆ 2024ರ ಏಪ್ರಿಲ್. ಎರಡು ವರ್ಷಕ್ಕೊಮ್ಮೆ ಬರುವ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷ ಸಾಮಾನ್ಯ ಬೆಂಬಲ ಇರುತ್ತದೆ. ಆ ಲೆಕ್ಕದಲ್ಲಿ 16.04ರ ಬೆಂಬಲ 2021ರಲ್ಲಿ, 20.04ರದ್ದು 2025ರ ಮೇ ತಿಂಗಳಲ್ಲಿ ಮುಗಿಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಇದುವರೆಗೆ ಲಿನಕ್ಸ್ ಬಳಸದ ಶಾಲೆಗಳಿಗೂ ಇದೇ ಪ್ರಶ್ನೆ ಎದುರಾಗಿದೆ.

ಇನ್ನೊಂದು ಬದಲಾವಣೆಯೂ ಇದೆ. ಹಳೆಯ 32 ಬಿಟ್ ಯಂತ್ರಗಳಿಗೆ ಬಾಗಿಲು ಒಂದೊಂದಾಗಿ ಮುಚ್ಚುತ್ತಿದೆ. ಉಬುಂಟು 17.10ರಿಂದ 32 ಬಿಟ್ ಡೆಸ್ಕ್‌ಟಾಪ್ ಡಿಸ್ಕ್ ತಯಾರಿಸುವುದನ್ನು ನಿಲ್ಲಿಸಿತು. 2023ರ ಡೆಬಿಯನ್ 12ರಲ್ಲಿ 32 ಬಿಟ್ ಸ್ಥಾಪಕ ಇತ್ತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅದೂ ಇಲ್ಲ. "ಲಿನಕ್ಸ್ ಯಾವ ಹಳೆಯ ಕಂಪ್ಯೂಟರ್‌ನಲ್ಲಾದರೂ ನಡೆಯುತ್ತದೆ" ಎಂಬ ಮಾತನ್ನು ಈಗ ಹಾಗೆಯೇ ನಂಬುವಂತಿಲ್ಲ.

ಕಲಿಕಾ ಫಲಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು:
1. ಹೊಂದಾಣಿಕೆ ಎಂಬುದು ಇಡೀ ಯಂತ್ರದ ಒಂದೇ ಗುಣವಲ್ಲ, ಭಾಗ ಭಾಗವಾಗಿ ನೋಡಬೇಕಾದದ್ದು ಎಂದು ಉದಾಹರಣೆ ಸಹಿತ ವಿವರಿಸುವರು.
2. ಟರ್ಮಿನಲ್ ಆಜ್ಞೆಗಳಿಂದ ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಹಾಗೂ ಇತರ ಸಾಧನಗಳ ಮಾಹಿತಿ ಪಡೆದು ದಾಖಲಿಸುವರು.
3. ಊಹೆ, ಪುರಾವೆ, ತೀರ್ಮಾನ ಇವುಗಳ ವ್ಯತ್ಯಾಸ ಗುರುತಿಸುವರು.
4. ಪ್ರತಿ ಯಂತ್ರಕ್ಕೂ "ಏರಿಸಬಹುದು", "ದುರಸ್ತಿಯ ನಂತರ ಏರಿಸಬಹುದು", "ಏರಿಸಬಾರದು" ಎಂಬ ಮೂರರಲ್ಲಿ ಒಂದು ತೀರ್ಮಾನವನ್ನು ಕಾರಣ ಸಹಿತ ಬರೆಯುವರು.

ಪೂರ್ವಸಿದ್ಧತೆ ಮತ್ತು ಬೋಧನೋಪಕರಣಗಳು

ಎರಡು ಪೆನ್‌ಡ್ರೈವ್‌ಗಳನ್ನು ಮೊದಲೇ ಸಿದ್ಧಪಡಿಸಿಕೊಂಡೆ. ಒಂದರಲ್ಲಿ ಉಬುಂಟು 24.04, ಇನ್ನೊಂದರಲ್ಲಿ ಅದರ ಹಗುರ ರೂಪವಾದ ಲುಬುಂಟು 24.04. ಎರಡನ್ನೂ ಹಾರ್ಡ್ ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಕೆಟ್ಟುಹೋದ ಕಂಪ್ಯೂಟರ್‌ಗಳಿಂದ ತೆಗೆದ ಒಂದು ಡಿಡಿಆರ್2 ಮತ್ತು ಒಂದು ಡಿಡಿಆರ್3 ರ‍್ಯಾಮ್ ಪಟ್ಟಿ, ಗುಂಪಿಗೊಂದು ದಾಖಲೆ ಹಾಳೆ, ಯಂತ್ರಗಳಿಗೆ ಅಂಟಿಸಲು ಅಂಕಿ ಬರೆದ ಚೀಟಿ ಇಷ್ಟು ಉಪಕರಣಗಳು.

ಮೊದಲ ಅವಧಿ: ತೊಡಗಿಸಿಕೊಳ್ಳುವಿಕೆ ಮತ್ತು ಊಹೆ

ಎರಡೂ ಶಾಲೆಗಳಲ್ಲಿ ಪಾಠವನ್ನು ಕಂಪ್ಯೂಟರ್‌ನಿಂದ ಶುರುಮಾಡಲಿಲ್ಲ. "ಮೊದಲೇ ನೋಡದೆ ಮಾಡಲೇಬಾರದ ಕೆಲಸ ಯಾವುದು?" ಎಂದು ಕೇಳಿದೆ.

ರಾಬರ್ಟ್‌ಸನ್‌ಪೇಟೆಯಲ್ಲಿ ಗ್ಯಾಸ್ ಸಿಲಿಂಡರ್, ಬಸ್ಸಿನ ಬ್ರೇಕ್ ಎಲ್ಲ ಬಂದ ಮೇಲೆ ಒಬ್ಬ ಹುಡುಗ ಗಣಿಯ ಕೇಜ್ ಎಂದ. "ಹಗ್ಗ ನೋಡದೆ ಕೇಜ್ ಇಳಿಸ್ತಿರಲಿಲ್ಲ ಅಂತ ನಮ್ಮ ತಾತ ಹೇಳ್ತಾರೆ ಮಿಸ್." ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಈ ಮಕ್ಕಳು ಹುಟ್ಟುವ ಎಷ್ಟೋ ವರ್ಷ ಮೊದಲು. ಆದರೂ ಕೇಜ್ ಎಂದರೇನು ಎಂದು ಆ ತರಗತಿಯಲ್ಲಿ ವಿವರಿಸಬೇಕಾಗಲಿಲ್ಲ. ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದ ಗಣಿಯಲ್ಲಿ ಅರ್ಧ ದಾರಿಯಲ್ಲಿ ಹಗ್ಗ ನೋಡುವುದಕ್ಕಾಗುವುದಿಲ್ಲ ಎಂದು ಅವರೇ ಹೇಳಿದರು. ಅಪ್‌ಗ್ರೇಡ್ ಕೂಡ ಹಾಗೆಯೇ: ಹಳೆಯ ಕಡತಗಳು ಅರ್ಧ ಬದಲಾಗಿರುವಾಗ ಕರೆಂಟು ಹೋದರೆ ಯಂತ್ರ ಹಳೆಯ ವ್ಯವಸ್ಥೆಯಲ್ಲೂ ಇರುವುದಿಲ್ಲ, ಹೊಸದರಲ್ಲೂ ಇರುವುದಿಲ್ಲ.

ಬಂಗಾರಪೇಟೆಯಲ್ಲಿ ಮಾತು ರೈಲಿನ ಕಡೆ ಹೋಯಿತು. ಆ ಜಂಕ್ಷನ್ನಿನಿಂದ ಮಾರಿಕುಪ್ಪಂಗೆ ಹೋಗುವ ಕೆ.ಜಿ.ಎಫ್. ಮಾರ್ಗ ಮುಖ್ಯ ಮಾರ್ಗದಂತೆಯೇ ಬ್ರಾಡ್‌ಗೇಜ್, ಅಂದರೆ ಹಳಿಗಳ ನಡುವೆ 1676 ಮಿಲಿಮೀಟರ್. ಕೋಲಾರದ ಕಡೆಗೆ ಹಿಂದೆ ಹೋಗುತ್ತಿದ್ದ ಸಣ್ಣ ರೈಲಿನ ಹಳಿ 762 ಮಿಲಿಮೀಟರ್. ಹಲಗೆಯ ಮೇಲೆ ಎರಡೂ ಅಳತೆ ಬರೆದು ಕೇಳಿದೆ: "ಕೋಲಾರದಿಂದ ಬಂದ ಡಬ್ಬಿಯನ್ನು ನೇರವಾಗಿ ಮಾರಿಕುಪ್ಪಂಗೆ ಕಳಿಸಬಹುದೇ?" ಸಾಮಾನು ಇಳಿಸಿ ಬೇರೆ ಡಬ್ಬಿಗೆ ಏರಿಸಬೇಕು ಎಂದು ಒಬ್ಬಳು ತಕ್ಷಣ ಹೇಳಿದಳು. ಡಬ್ಬಿ ಹೊಸದೋ ಹಳೆಯದೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಅಳತೆ ಕೂಡುತ್ತದೆಯೇ ಎಂಬುದು ಪ್ರಶ್ನೆ. ಕೋಲಾರ–ಚಿಕ್ಕಬಳ್ಳಾಪುರ ಮಾರ್ಗ 2013ರಲ್ಲಿ ಬ್ರಾಡ್‌ಗೇಜ್ ಆಗುವ ಮೊದಲು ಏನೇನು ನೋಡಿರಬೇಕು ಎಂದು ಪಟ್ಟಿ ಮಾಡಿಸಿದೆ. ಸೇತುವೆ, ತಿರುವು, ಪ್ಲಾಟ್‌ಫಾರಂ ಎಂದು ಬಂದವು. ಹೊಂದಾಣಿಕೆಯನ್ನು ಭಾಗ ಭಾಗವಾಗಿ ನೋಡಬೇಕು ಎಂಬ ಮೊದಲ ಕಲಿಕಾ ಫಲ ಆ ಪಟ್ಟಿಯಲ್ಲೇ ಇತ್ತು.

ನಂತರ ಯಂತ್ರಗಳನ್ನು ಹೊರಗಿನಿಂದ ಮಾತ್ರ ನೋಡಿ ಊಹೆ ಬರೆಯಲು ಹೇಳಿದೆ: ಯಾವುದಕ್ಕೆ ಹೊಸ ಆವೃತ್ತಿ ಹಾಕಬಹುದು, ಯಾಕೆ? ರಾಬರ್ಟ್‌ಸನ್‌ಪೇಟೆಯಲ್ಲಿ ನಡೆಯುವ ಸ್ಥಿತಿಯಲ್ಲಿದ್ದ ಯಂತ್ರಗಳು ಒಂಬತ್ತು. ಎಲ್ಲ ಗುಂಪುಗಳೂ ಏಳನೆಯ ಯಂತ್ರಕ್ಕೆ ಮೊದಲ ಸ್ಥಾನ ಕೊಟ್ಟವು. ಅದಕ್ಕೆ ತೆಳ್ಳಗಿನ ಹೊಸ ಮಾನಿಟರ್ ಇತ್ತು. ಹಾಳೆಯನ್ನು ತಿದ್ದದೆ ಹಾಗೆಯೇ ಮಡಿಸಿ ಇಟ್ಟುಕೊಂಡೆ.

ಎರಡನೆಯ ಅವಧಿ: ಅನ್ವೇಷಣೆ

ಪ್ರತಿ ಗುಂಪಿಗೂ ಆರು ಪ್ರಶ್ನೆಗಳ ಹಾಳೆ. ಆಜ್ಞೆಗಳನ್ನು ಇಲ್ಲಿ ಉಚ್ಚರಿಸುವಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಇವನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು.

1. ಪ್ರೊಸೆಸರ್ 64 ಬಿಟ್ ಕೆಲಸ ಮಾಡಬಲ್ಲದೇ? ಆಜ್ಞೆ: ಎಲ್‌ಎಸ್‌ಸಿಪಿಯು. "ಸಿಪಿಯು ಆಪ್-ಮೋಡ್" ಎಂಬ ಸಾಲನ್ನು ಮಾತ್ರ ಬರೆದುಕೊಳ್ಳಿ.
2. ಈಗ ನಡೆಯುತ್ತಿರುವ ವ್ಯವಸ್ಥೆ ಎಷ್ಟು ಬಿಟ್? ಆಜ್ಞೆ: ಯುನೇಮ್, ಒಂದು ಖಾಲಿ ಜಾಗ, ಹೈಫನ್ ಎಂ. ಐ686 ಎಂದು ಬಂದರೆ 32 ಬಿಟ್, ಎಕ್ಸ್86_64 ಎಂದು ಬಂದರೆ 64 ಬಿಟ್.
3. ರ‍್ಯಾಮ್ ಎಷ್ಟು? ಆಜ್ಞೆ: ಫ್ರೀ, ಖಾಲಿ ಜಾಗ, ಹೈಫನ್ ಎಚ್.
4. ಡಿಸ್ಕ್‌ನಲ್ಲಿ ಖಾಲಿ ಜಾಗ ಎಷ್ಟು? ಆಜ್ಞೆ: ಡಿಎಫ್, ಖಾಲಿ ಜಾಗ, ಹೈಫನ್ ಎಚ್.
5. ಗ್ರಾಫಿಕ್ಸ್, ನೆಟ್‌ವರ್ಕ್, ಸೌಂಡ್ ಸಾಧನಗಳು ಯಾವುವು? ಪ್ರತಿಯೊಂದಕ್ಕೂ ಡ್ರೈವರ್ ಸಿಕ್ಕಿದೆಯೇ? ಆಜ್ಞೆ: ಎಲ್‌ಎಸ್‌ಪಿಸಿಐ, ಖಾಲಿ ಜಾಗ, ಹೈಫನ್ ಎನ್‌ಎನ್‌ಕೆ. "ಕರ್ನಲ್ ಡ್ರೈವರ್ ಇನ್ ಯೂಸ್" ಎಂಬ ಸಾಲು ಇದೆಯೇ ನೋಡಿ.
6. ಯಂತ್ರದ ಗಡಿಯಾರ ಇಂದಿನ ದಿನಾಂಕ ತೋರಿಸುತ್ತಿದೆಯೇ?

ಕೊನೆಯ ಪ್ರಶ್ನೆ ಯಾಕೆ ಎಂದು ಮಾರ್ಗದರ್ಶಿ ಶಿಕ್ಷಕರೂ ಕೇಳಿದರು. ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ, ಪ್ಲಗ್ ಕಿತ್ತು ಹಾಕಿದಾಗಲೆಲ್ಲ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಬ್ರೌಸರ್ ಸುರಕ್ಷಿತ ತಾಣಗಳನ್ನು ತೆರೆಯುವುದಿಲ್ಲ. ಸರ್ವರ್‌ನಲ್ಲಿರುವ ಪಟ್ಟಿಯ ದಿನಾಂಕ "ಇನ್ನೂ ಬಂದಿಲ್ಲದ ದಿನ" ಎಂದು ಕಾಣುವುದರಿಂದ ಉಬುಂಟು ಪರಿಷ್ಕರಣೆಯೂ ನಿಲ್ಲುತ್ತದೆ. ಇಡೀ ಅಪ್‌ಗ್ರೇಡ್ ನಿಂತುಹೋಗಲು ಒಂದು ಸಣ್ಣ ಬ್ಯಾಟರಿ ಸಾಕು. ಒಂಬತ್ತರಲ್ಲಿ ಮೂರು ಯಂತ್ರಗಳ ಗಡಿಯಾರ ತಪ್ಪಿತ್ತು.

ಐದನೆಯ ಪ್ರಶ್ನೆ ಮಕ್ಕಳಿಗೆ ಹಿಡಿಸಿತು. ಪ್ರತಿ ಸಾಧನದ ಎದುರು ಚೌಕಾವರಣದಲ್ಲಿ ಎರಡು ಸಂಕೇತಗಳು ಬರುತ್ತವೆ. ಮೊದಲನೆಯದು ತಯಾರಕರದ್ದು, ಎರಡನೆಯದು ಸಾಧನದ್ದು. 8086 ಎಂದಿದ್ದರೆ ಇಂಟೆಲ್; 1978ರಲ್ಲಿ ಬಂದ ಅದರ ಪ್ರಸಿದ್ಧ ಪ್ರೊಸೆಸರ್‌ನ ಹೆಸರೂ 8086. ಹೊರಗಿನ ಡಬ್ಬದ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಒಳಗೆ ಬೇರೆ ಬೇರೆ ತಯಾರಕರ ಭಾಗಗಳಿವೆ ಎಂಬುದು ಅವರಿಗೆ ಹೊಸ ವಿಷಯವಾಗಿತ್ತು.

ಏಳನೆಯ ಯಂತ್ರದ ಫಲಿತಾಂಶ ಬಂದಾಗ ಮಡಿಸಿಟ್ಟ ಹಾಳೆಯನ್ನು ಬಿಡಿಸಿದೆವು. ಹೊಸ ಮಾನಿಟರ್‌ನ ಹಿಂದೆ ಇದ್ದದ್ದು ಪೆಂಟಿಯಂ 4, ರ‍್ಯಾಮ್ 1 ಜಿಬಿ, 32 ಬಿಟ್ ಮಾತ್ರ. "ಹಾಗಾದ್ರೆ ಟಿವಿ ಹೊಸದು, ಕಂಪ್ಯೂಟರ್ ಹಳೇದು" ಎಂದಳು ಒಬ್ಬ ಹುಡುಗಿ. ಮಾನಿಟರ್ ಬೇರೆ, ಕಂಪ್ಯೂಟರ್ ಬೇರೆ ಎಂಬುದನ್ನು ನಾನು ಚಿತ್ರ ಬರೆದು ವಿವರಿಸಿದ್ದರೆ ಇಷ್ಟು ಗಟ್ಟಿಯಾಗಿ ಕೂರುತ್ತಿರಲಿಲ್ಲ.

ವಿವರಣೆ: ಎರಡು ಪುರಾವೆ ಬೇರೆಬೇರೆ ಹೇಳಿದಾಗ

ಪಾಠದ ಮುಖ್ಯ ಘಟ್ಟ ಬಂದದ್ದು ಒಂದನೆಯ ಮತ್ತು ಎರಡನೆಯ ಪ್ರಶ್ನೆಗಳ ಉತ್ತರ ಕೂಡದೆ ಹೋದಾಗ. ಐದು ಯಂತ್ರಗಳಲ್ಲಿ ಎಲ್‌ಎಸ್‌ಸಿಪಿಯು "32 ಬಿಟ್, 64 ಬಿಟ್" ಎಂದಿತು. ಯುನೇಮ್ ಐ686 ಎಂದಿತು. "ಯಾವುದು ಸುಳ್ಳು ಮಿಸ್?" ಎಂಬ ಪ್ರಶ್ನೆ ಎದ್ದಿತು.

ಎರಡೂ ನಿಜ. ಮೊದಲನೆಯದು ಪ್ರೊಸೆಸರ್‌ಗೆ ಏನು ಮಾಡುವ ಶಕ್ತಿ ಇದೆ ಎಂದು ಹೇಳುತ್ತದೆ. ಎರಡನೆಯದು ಈಗ ಏನು ನಡೆಯುತ್ತಿದೆ ಎಂದು ಹೇಳುತ್ತದೆ. 64 ಬಿಟ್ ಪ್ರೊಸೆಸರ್ ಮೇಲೆ ಯಾರೋ 16.04ರ 32 ಬಿಟ್ ಆವೃತ್ತಿಯನ್ನು ಹಾಕಿದ್ದರು. ರ‍್ಯಾಮ್ 2 ಜಿಬಿ ಮಾತ್ರ ಇದ್ದದ್ದರಿಂದ ಆಗ ಅದು ಸರಿಯಾದ ಆಯ್ಕೆಯೇ. ನಾಲ್ಕು ಭಾಷೆ ಬಲ್ಲವರು ಈಗ ಒಂದರಲ್ಲಿ ಮಾತಾಡುತ್ತಿರುವ ಹಾಗೆ ಎಂದೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳಿಗೆ ಈ ಹೋಲಿಕೆ ಸಾಕಾಯಿತು.

ಇದರಿಂದ ಹೊರಡುವ ತೀರ್ಮಾನಗಳು ಮೂರು. ಮೊದಲನೆಯದು, ಈ ಐದು ಯಂತ್ರಗಳನ್ನು ಬರೆದುಹಾಕಬೇಕಿಲ್ಲ. ಎರಡನೆಯದು, 32 ಬಿಟ್ ವ್ಯವಸ್ಥೆಯನ್ನು ಅಪ್‌ಗ್ರೇಡ್ ಗುಂಡಿ ಒತ್ತಿ 64 ಬಿಟ್‌ಗೆ ಬದಲಿಸಲು ಆಗುವುದಿಲ್ಲ, ಹೊಸದಾಗಿಯೇ ಸ್ಥಾಪಿಸಬೇಕು. ಮೂರನೆಯದು, ಹಾಗೆ ಸ್ಥಾಪಿಸಿದರೆ ಡಿಸ್ಕ್‌ನಲ್ಲಿರುವುದು ಅಳಿಸಿಹೋಗುತ್ತದೆ. ಹಿಂದಿನ ಮಕ್ಕಳು ಮಾಡಿದ ಜಿಯೋಜಿಬ್ರಾ ಕಡತಗಳು, ಶಾಲೆಯ ಫೋಟೋಗಳು ಮೊದಲು ಬೇರೆ ಡಿಸ್ಕ್‌ಗೆ ನಕಲಾಗಬೇಕು. 64 ಬಿಟ್ ಉಬುಂಟು 20.04 ಇದ್ದ ಎರಡು ಯಂತ್ರಗಳ ವಿಷಯ ಬೇರೆ. ಅವನ್ನು ಇದ್ದಲ್ಲೇ ಏರಿಸಬಹುದು, ಆದರೆ 20.04ರಿಂದ ನೇರವಾಗಿ 24.04ಕ್ಕೆ ಹಾರುವಂತಿಲ್ಲ, 22.04ರ ಮೆಟ್ಟಿಲು ಹತ್ತಿಯೇ ಹೋಗಬೇಕು.

ಪ್ರೊಸೆಸರ್ ಹೆಸರು ನೋಡಿ ತೀರ್ಮಾನಿಸಬಾರದು ಎಂಬುದನ್ನೂ ಇಲ್ಲಿ ಹೇಳಿದೆ. ಪೆಂಟಿಯಂ 4 ಎಂಬ ಒಂದೇ ಹೆಸರಿನಲ್ಲಿ ಮೊದಲು ಬಂದವು 32 ಬಿಟ್, ನಂತರದ ಕೆಲವು ಮಾದರಿಗಳು 64 ಬಿಟ್ ಕೂಡ. ಯಂತ್ರವನ್ನೇ ಕೇಳಬೇಕು.

ರ‍್ಯಾಮ್ ವಿಷಯದಲ್ಲಿ ಎರಡು ಪಟ್ಟಿಗಳನ್ನು ಕೈಗೆ ಕೊಟ್ಟೆ. ಡೆಸ್ಕ್‌ಟಾಪ್‌ನ ಡಿಡಿಆರ್2, ಡಿಡಿಆರ್3 ಎರಡಕ್ಕೂ ಉದ್ದ ಒಂದೇ, 240 ಪಿನ್. ಆದರೆ ಅಂಚಿನ ಕಚ್ಚು ಬೇರೆ ಜಾಗದಲ್ಲಿದೆ. ವೋಲ್ಟೇಜ್ ಕೂಡ ಬೇರೆ: 1.8 ಮತ್ತು 1.5. ತಪ್ಪು ಪಟ್ಟಿ ಕೂರದಿರಲೆಂದೇ ಕಚ್ಚನ್ನು ಬೇರೆ ಜಾಗದಲ್ಲಿ ಮಾಡಿದ್ದಾರೆ. ಬಂಗಾರಪೇಟೆಯಲ್ಲಿ ಇದನ್ನು ತೋರಿಸಿದಾಗ "ಇದೂ ಗೇಜ್ ಮಿಸ್" ಎಂಬ ಮಾತು ಹಿಂದಿನ ಬೆಂಚಿನಿಂದ ಬಂತು.

"2 ಜಿಬಿ ಇದೆ ಅಂತೀರಿ, 1.9 ಅಂತ ತೋರಿಸ್ತಿದೆ. ಉಳಿದದ್ದು ಎಲ್ಲಿ?" ಎಂಬುದು ರಾಬರ್ಟ್‌ಸನ್‌ಪೇಟೆಯ ಒಳ್ಳೆಯ ಪ್ರಶ್ನೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಯ ಚಿತ್ರಕ್ಕೂ ಅದೇ ರ‍್ಯಾಮ್‌ನಿಂದ ಒಂದು ಪಾಲು ಹೋಗುತ್ತದೆ, ಕರ್ನಲ್ ಕೂಡ ಸ್ವಲ್ಪ ತನಗೆ ಕಾದಿರಿಸಿಕೊಳ್ಳುತ್ತದೆ.

ಮೂರನೆಯ ಅವಧಿ: ವಿಸ್ತರಣೆ

ಪಟ್ಟಿ ನೋಡಿ "ಆಗಬಹುದು" ಎನ್ನುವುದು ಇನ್ನೂ ಊಹೆಯೇ. ಹೊಸ ಆವೃತ್ತಿಯನ್ನು ಪೆನ್‌ಡ್ರೈವ್‌ನಿಂದ ನಡೆಸಿ ನೋಡುವುದು ಪರೀಕ್ಷೆ. ಹಳೆಯ ಆವೃತ್ತಿಯಲ್ಲಿ ನಡೆಯುತ್ತಿದ್ದ ಸಾಧನ ಹೊಸದರಲ್ಲೂ ನಡೆಯುತ್ತದೆ ಎಂಬ ಖಾತ್ರಿ ಇಲ್ಲ. ಉದಾಹರಣೆಗೆ, ಎನ್‌ವಿಡಿಯಾದ ಹಳೆಯ ಜಿಫೋರ್ಸ್ 8 ಮತ್ತು 9 ಸರಣಿಯ ಕಾರ್ಡ್‌ಗಳಿಗೆ ಬೇಕಾದ 340 ಸರಣಿಯ ಡ್ರೈವರ್ ಉಬುಂಟು 20.04ರಲ್ಲಿತ್ತು, 22.04ರಲ್ಲಿ ಇಲ್ಲ. ಮುಕ್ತ ಡ್ರೈವರ್ ಚಿತ್ರ ತೋರಿಸುತ್ತದೆ, ಆದರೆ ವೇಗ ಕಡಿಮೆ.

ಪೆನ್‌ಡ್ರೈವ್‌ನಿಂದ ಶುರುವಾದ ಮೇಲೆ ಗುಂಪುಗಳು ನೋಡಿದ್ದು: ಪರದೆ ಪೂರ್ಣ ಅಳತೆಯಲ್ಲಿ ಬಂದಿದೆಯೇ, ಶಬ್ದ ಬರುತ್ತದೆಯೇ, ನೆಟ್‌ವರ್ಕ್ ಸಿಗುತ್ತದೆಯೇ, ಪ್ರೊಜೆಕ್ಟರ್ ಹೊಂದುತ್ತದೆಯೇ, ಕನ್ನಡ ಟೈಪ್ ಮಾಡಬಹುದೇ. ಹಿಂದಿನ ಎಲ್‌ಎಸ್‌ಪಿಸಿಐ ಆಜ್ಞೆಯನ್ನು ಇಲ್ಲಿ ಮತ್ತೊಮ್ಮೆ ಕೊಟ್ಟು, ಯಾವ ಸಾಧನದ ಡ್ರೈವರ್ ಸಾಲು ಮಾಯವಾಗಿದೆ ಎಂದು ಎರಡು ಹಾಳೆಗಳನ್ನು ಹೋಲಿಸಿದರು.

ರಾಬರ್ಟ್‌ಸನ್‌ಪೇಟೆಯ ಐದು ಯಂತ್ರಗಳಲ್ಲಿ ರ‍್ಯಾಮ್ 2 ಜಿಬಿ, ಉಬುಂಟು 24.04ಕ್ಕೆ ಹೇಳಿರುವುದು 4 ಜಿಬಿ. ಹಗುರ ರೂಪ ಸಾಕಾಗಬಹುದೇ? ಮಾರ್ಗದರ್ಶಿ ಶಿಕ್ಷಕರ ಒಪ್ಪಿಗೆ ಪಡೆದು, ಪ್ಲಗ್ ಕಿತ್ತು, ಒಂದರ ರ‍್ಯಾಮ್ ಪಟ್ಟಿಯನ್ನು ಅದೇ ಮಾದರಿಯ ಪಕ್ಕದ ಯಂತ್ರಕ್ಕೆ ಹಾಕಿದೆವು. ಹೀಗೆ ಒಂದರಲ್ಲಿ 4 ಜಿಬಿ, ಅದೇ ಮಾದರಿಯ ಇನ್ನೊಂದರಲ್ಲಿ 2 ಜಿಬಿ. ಪೆನ್‌ಡ್ರೈವ್ ಒಂದೇ, ಲುಬುಂಟು. ಬದಲಾದದ್ದು ರ‍್ಯಾಮ್ ಮಾತ್ರ. 2 ಜಿಬಿಯಲ್ಲಿ ಬ್ರೌಸರ್ ತೆರೆದ ಮೇಲೆ ಲಿಬ್ರೆಆಫೀಸ್ ತೆರೆಯಲು ಹೋದರೆ ಯಂತ್ರ ಬಹಳ ಹೊತ್ತು ನಿಂತುಬಿಟ್ಟಿತು. 4 ಜಿಬಿಯಲ್ಲಿ ಎರಡೂ ತೆರೆದವು. ಚರಾಂಶ ನಿಯಂತ್ರಣ ಎಂದು ನಾವು ವಿಜ್ಞಾನ ಬೋಧನೆಯಲ್ಲಿ ಹೇಳುವುದನ್ನು ಮಕ್ಕಳು ಆ ಹೆಸರಿಲ್ಲದೆಯೇ ಮಾಡಿದ್ದರು. ಪೆನ್‌ಡ್ರೈವ್ ಹಾರ್ಡ್ ಡಿಸ್ಕ್‌ಗಿಂತ ನಿಧಾನವಾದ್ದರಿಂದ ಇಲ್ಲಿ ಕಂಡ ವೇಗವೇ ಕೊನೆಯ ವೇಗವಲ್ಲ ಎಂಬುದನ್ನೂ ಬರೆಸಿದೆ.

ಬಂಗಾರಪೇಟೆಯಲ್ಲಿ ಆರು ಲ್ಯಾಪ್‌ಟಾಪ್‌ಗಳು, ಎಲ್ಲವೂ ಒಂದೇ ಕಂಪನಿ, ಒಂದೇ ಮಾದರಿ ಸಂಖ್ಯೆ. "ಒಂದನ್ನು ನೋಡಿದ್ರೆ ಸಾಕು" ಎಂಬುದು ಮಕ್ಕಳ ಊಹೆ. ಆದರೆ ಆರನೆಯದರ ಎಲ್‌ಎಸ್‌ಪಿಸಿಐ ಹಾಳೆಯಲ್ಲಿ ವೈ-ಫೈ ಕಾರ್ಡ್‌ನ ಸಂಕೇತ ಬೇರೆ ಇತ್ತು, ಪೆನ್‌ಡ್ರೈವ್‌ನಿಂದ ನಡೆಸಿದಾಗ ಅದರ ಡ್ರೈವರ್ ಸಾಲೂ ಇರಲಿಲ್ಲ. ಒಂದೇ ಮಾದರಿ ಹೆಸರಿನಲ್ಲಿ ತಯಾರಕರು ಬೇರೆ ಬೇರೆ ತಂಡಗಳಿಗೆ ಬೇರೆ ಕಾರ್ಡ್ ಹಾಕುವುದುಂಟು. ಫೋನನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಅಂತರ್ಜಾಲ ಕೊಟ್ಟು, "ಅಡಿಷನಲ್ ಡ್ರೈವರ್ಸ್" ಕಿಟಕಿಯಲ್ಲಿ ಹುಡುಕಿದಾಗ ಬೇಕಾದ ಡ್ರೈವರ್ ಪಟ್ಟಿಯಲ್ಲಿ ಕಾಣಿಸಿತು. ಮೊದಲೇ ನೋಡದೆ ಆರಕ್ಕೂ ಹೊಸದು ಹಾಕಿದ್ದರೆ, ಒಂದು ಲ್ಯಾಪ್‌ಟಾಪ್ ಡ್ರೈವರ್ ಇಳಿಸಿಕೊಳ್ಳಲು ನೆಟ್‌ವರ್ಕ್ ಇಲ್ಲದೆ, ನೆಟ್‌ವರ್ಕ್‌ಗೆ ಡ್ರೈವರ್ ಇಲ್ಲದೆ ಕೂರುತ್ತಿತ್ತು.

ಪ್ರಿಂಟರ್ ಅನ್ನು ಮರೆಯಬಾರದು. ನಮ್ಮ ಕಡೆಯ ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಲಿನಕ್ಸ್‌ನಲ್ಲಿ ಎಚ್‌ಪಿಎಲ್‌ಐಪಿ ತಂತ್ರಾಂಶದ ಜೊತೆಗೆ ಒಂದು ಪ್ಲಗಿನ್ ಕೂಡ ಬೇಕು, ಅದನ್ನು ಅಂತರ್ಜಾಲದಿಂದ ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು. ಅಂಕಪಟ್ಟಿ ಮುದ್ರಿಸುವ ವಾರದಲ್ಲಿ ಇದು ಗೊತ್ತಾದರೆ ಕಷ್ಟ.

ಮೌಲ್ಯಮಾಪನ

ಲಿಖಿತ ಪರೀಕ್ಷೆಯ ಬದಲು ಪ್ರತಿ ಗುಂಪೂ ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ವರದಿ ಬರೆಯಬೇಕಿತ್ತು. ನಾಲ್ಕು ಅಂಶಗಳಿಗೆ ಅಂಕ: ಮಾಹಿತಿ ಸರಿಯಾಗಿ ದಾಖಲಾಗಿದೆಯೇ, ಪ್ರತಿ ತೀರ್ಮಾನಕ್ಕೂ ಪುರಾವೆ ಇದೆಯೇ, ಊಹೆ ಬದಲಾಗಿದ್ದರೆ ಯಾಕೆ ಎಂದು ಬರೆದಿದ್ದಾರೆಯೇ, ಮುಂದಿನ ಹೆಜ್ಜೆ ಸ್ಪಷ್ಟವಾಗಿದೆಯೇ.

ರಾಬರ್ಟ್‌ಸನ್‌ಪೇಟೆಯ ವರದಿಗಳ ಸಾರ ಹೀಗಿತ್ತು. ಎರಡು ಯಂತ್ರ ಏರಿಸಬಹುದು. ಐದಕ್ಕೆ ರ‍್ಯಾಮ್ 4 ಜಿಬಿ ಮಾಡಿ, ಕಡತಗಳನ್ನು ನಕಲಿಸಿ, 64 ಬಿಟ್ ಹಗುರ ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸಬಹುದು. ಎರಡನ್ನು ಏರಿಸಬಾರದು.

"ಏರಿಸಬಾರದು" ಎಂಬ ತೀರ್ಮಾನವೇ ಮಕ್ಕಳಿಗೆ ಬಹಳ ಕಷ್ಟವಾದದ್ದು. "ಹಾಗಾದ್ರೆ ಅವನ್ನ ಬಿಸಾಕೋದಾ?" ಎಂದು ಒಬ್ಬ ಕೇಳಿದ. ಪ್ರಶ್ನೆಯನ್ನು ತರಗತಿಗೇ ತಿರುಗಿಸಿದೆ. ಆ ಯಂತ್ರಗಳಲ್ಲಿ ಈಗಲೂ ಏನು ನಡೆಯುತ್ತದೆ? ಜಿಯೋಜಿಬ್ರಾ ನಡೆಯುತ್ತದೆ, ಟೈಪಿಂಗ್ ನಡೆಯುತ್ತದೆ. ಯಾವುದು ಅಪಾಯ? ಭದ್ರತಾ ಪರಿಷ್ಕರಣೆ ಇಲ್ಲದೆ ಅಂತರ್ಜಾಲಕ್ಕೆ ಹೋಗುವುದು. ಹಾಗಾದರೆ ನೆಟ್‌ವರ್ಕ್ ತಂತಿ ಕಿತ್ತು ಇಟ್ಟುಕೊಳ್ಳಬಹುದು. ಒಂದು ಗುಂಪು ಬರೆದ ವಾಕ್ಯ: "1 ಮತ್ತು 7ನೇ ಕಂಪ್ಯೂಟರ್‌ಗೆ ಹೊಸದು ಹಾಕಿದರೆ ಇರುವುದೂ ಹೋಗುತ್ತದೆ. ಆದ್ದರಿಂದ ಹಾಕಬಾರದು. ಆರನೇ ತರಗತಿಯವರಿಗೆ ಟೈಪಿಂಗ್ ಕಲಿಯಲು ಕೊಡಬಹುದು." ಇದಕ್ಕೆ ಪೂರ್ಣ ಅಂಕ ಕೊಟ್ಟೆ.

ಗಮನಿಸಿದ ಅಂಶಗಳು

ಇಂಗ್ಲಿಷ್‌ನಲ್ಲಿ ಬರುವ ಉದ್ದದ ಫಲಿತಾಂಶ ಕಂಡು ಮಕ್ಕಳು ಮೊದಲು ಹಿಂಜರಿದರು. ಪ್ರತಿ ಆಜ್ಞೆಗೂ ಒಂದೇ ಸಾಲು ಹುಡುಕಿ ಅಡಿಗೆರೆ ಎಳೆಯಲು ಹೇಳಿದ ಮೇಲೆ ಹಿಂಜರಿಕೆ ಹೋಯಿತು. ಚರ್ಚೆ ಯಾವ ಭಾಷೆಯಲ್ಲಾದರೂ ಆಗಲಿ, ದಾಖಲೆ ಕನ್ನಡದಲ್ಲಿರಲಿ ಎಂದಿದ್ದೆ. ರಾಬರ್ಟ್‌ಸನ್‌ಪೇಟೆಯಲ್ಲಿ ತಮಿಳಿನಲ್ಲಿ ಬಿಸಿಯಾಗಿ ವಾದ ನಡೆದು ಕನ್ನಡದಲ್ಲಿ ಒಂದು ಸಾಲಾಗಿ ಹಾಳೆಗೆ ಇಳಿಯುತ್ತಿತ್ತು. ಕೀಲಿಮಣೆ ಒಬ್ಬರ ಕೈಯಲ್ಲೇ ಉಳಿಯದಂತೆ ಪ್ರತಿ ಪ್ರಶ್ನೆಗೂ ಬರೆಯುವವರು, ಒತ್ತುವವರು ಬದಲಾಗುವ ನಿಯಮ ಮಾಡಿದ್ದು ಹುಡುಗಿಯರಿಗೆ ಅನುಕೂಲವಾಯಿತು.

40 ನಿಮಿಷದ ಅವಧಿ ಮೂರನೆಯ ಭಾಗಕ್ಕೆ ಸಾಲದು. ಪೆನ್‌ಡ್ರೈವ್‌ನಿಂದ ಹಳೆಯ ಯಂತ್ರ ಶುರುವಾಗಲೇ ಬಹಳ ಹೊತ್ತು ಬೇಕು. ಎರಡು ಅವಧಿಗಳನ್ನು ಸೇರಿಸಿ ಕೇಳಿಕೊಳ್ಳುವುದು ಉತ್ತಮ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠ ಮಾಡಲು ಲಿನಕ್ಸ್ ಪರಿಣತಿ ಬೇಡ, ಆದರೆ ಕ್ರಮ ಬೇಕು. ಯಂತ್ರಗಳಿಗೆ ಅಂಕಿ ಅಂಟಿಸಿ. ಒಂದು ಮಾದರಿ ನೋಡಿ ಎಲ್ಲವನ್ನೂ ತೀರ್ಮಾನಿಸಬೇಡಿ. ಪೆನ್‌ಡ್ರೈವ್‌ನಿಂದ ನಡೆಸುವಾಗ ಪರೀಕ್ಷಿಸಿ ನೋಡುವ ಆಯ್ಕೆಯನ್ನೇ ಒತ್ತಬೇಕು, ಸ್ಥಾಪಿಸುವ ಆಯ್ಕೆಯನ್ನಲ್ಲ. ಇದನ್ನು ಪ್ರತಿ ಗುಂಪಿಗೂ ನೀವೇ ನಿಂತು ಮಾಡಿಸಿ. ನಿಜವಾದ ಅಪ್‌ಗ್ರೇಡ್ ಪಾಠದ ಭಾಗವಲ್ಲ. ಅದನ್ನು ಯುಪಿಎಸ್ ಸರಿಯಿರುವ ದಿನ, ನಕಲು ತೆಗೆದ ಮೇಲೆ, ಮೊದಲು ಒಂದು ಯಂತ್ರದಲ್ಲಿ ಮಾತ್ರ ಮಾಡಿ, ಒಂದು ವಾರ ಬಳಸಿ ನೋಡಿ, ನಂತರ ಉಳಿದವಕ್ಕೆ ಮಾಡಬೇಕು. ತೀರ್ಮಾನ ಶಾಲೆಯದ್ದು; ನಾವು ಕೊಡುವುದು ಪುರಾವೆ.

ನಮ್ಮ ಪಾಠಯೋಜನೆಗಳಲ್ಲಿ ವೈಜ್ಞಾನಿಕ ಮನೋಭಾವ ಎಂಬ ಮಾತು ಉದ್ದೇಶಗಳ ಪಟ್ಟಿಯ ಕೊನೆಯಲ್ಲಿ ಬರುತ್ತದೆ, ಅಲ್ಲೇ ಉಳಿಯುತ್ತದೆ. ಇಲ್ಲಿ ಮಕ್ಕಳು ತಮ್ಮ ಊಹೆಯನ್ನು ತಾವೇ ಬರೆದು, ತಾವೇ ಪರೀಕ್ಷಿಸಿ, ತಾವೇ ಕೈಬಿಟ್ಟರು. ಅವರ ತೀರ್ಮಾನದಿಂದ ನಿಜವಾಗಿ ಏನೋ ಬದಲಾಗುವುದಿತ್ತು. ಅದಕ್ಕೇ ಅಷ್ಟು ಜಾಗರೂಕರಾಗಿದ್ದರು ಎಂದು ನನಗನ್ನಿಸುತ್ತದೆ. ಮುಖ್ಯೋಪಾಧ್ಯಾಯರು ರಜೆಯಲ್ಲಿ ಎಲ್ಲಕ್ಕೂ ಹಾಕಿಸುವ ಯೋಚನೆ ಬಿಟ್ಟು, ಎರಡು ಯಂತ್ರಗಳನ್ನು ಮೊದಲು ಏರಿಸಲು ಒಪ್ಪಿದರು. ಐದು ಯಂತ್ರಗಳ ರ‍್ಯಾಮ್ ಮತ್ತು ಮೂರು ಗಡಿಯಾರದ ಬ್ಯಾಟರಿಗಳ ಬೇಡಿಕೆಯನ್ನು ಮಕ್ಕಳ ವರದಿಯ ಸಹಿತ ಎಸ್‌ಡಿಎಂಸಿ ಸಭೆಗೆ ಇಡಲಾಗಿದೆ.